ಹೊಗೆ ಹೋಗುವ ದಾರಿ

ಕೆಂಡ ನನ್ನ ಎಡಗೆನ್ನೆಯ ಹತ್ತಿರವಿತ್ತು.

ಬಿಲ್ಡರ್ ಅದನ್ನು ಇಕ್ಕಳದ ತುದಿಯಲ್ಲಿ ಹಿಡಿದಿದ್ದ. ಬಿಸಿ ಕಣ್ಣಿನ ರೆಪ್ಪೆಗೆ ತಟ್ಟುತ್ತಿತ್ತು. ಕೈ ಸ್ವಲ್ಪ ನಡುಗಿದರೂ ಸಾಕು...

"ಎಲ್ಲಿ ಅವನು?" ಎಂದ ಬಿಲ್ಡರ್.

"ನಿಮ್ಮ ಮಾಂಸ ಸೀದುಹೋಗ್ತಿದೆ," ಎಂದೆ.

"ತಮಾಷೆ ಮಾಡ್ತೀಯಾ?"

"ಇಲ್ಲ ಸಾರ್. ಆ ತುಂಡು ತಿರುವಿ ಹಾಕಿ. ಸೀದರೆ ಹೋಟೆಲಿನ ಅಜ್ಜಿಗೆ ಸಿಟ್ಟು ಬರುತ್ತೆ."

ಅಜ್ಜಿಗೆ ಆಗಲೇ ಸಿಟ್ಟು ಬಂದಿತ್ತು! ಜಾರುಬಾಗಿಲು ಧಡಾರನೆ ಸರಿಯಿತು. ಒಳಗೆ ಬಂದವಳೇ ಬಿಲ್ಡರನ ಮಣಿಕಟ್ಟಿಗೆ ಒಂದು ಏಟು ಕೊಟ್ಟು ಇಕ್ಕಳ ಕಿತ್ತುಕೊಂಡಳು. ಕೆಂಡವನ್ನು ಒಲೆಗೆ ಹಾಕಿದಳು. ಮಾಂಸ ತಿರುವಿದಳು. ಏಪ್ರನ್ನಿನಿಂದ ಕತ್ತರಿ ತೆಗೆದು ಒಲೆಯ ಮೇಲೆಯೇ ಕಚಕಚ ಕತ್ತರಿಸಿದಳು.

"ಕೆಂಡ ಆಟದ ಸಾಮಾನಲ್ಲ," ಎಂದಳು.

ಬಿಲ್ಡರ್ ಬಾಯಿ ತೆರೆದುಕೊಂಡು ನೋಡಿದ. "ಏಯ್ ಮುದುಕಿ! ನಾನು ಯಾರು ಗೊತ್ತಾ?"

"ಗೊತ್ತು. ಮಾಂಸ ಸೀಸೋನು."

ಬಾಗಿಲು ಮತ್ತೆ ಮುಚ್ಚಿತು. ಬಿಲ್ಡರನ ಭಾವಮೈದ ನಗು ತಡೆಯಲು ಕೆಮ್ಮಿದ. ಬಿಲ್ಡರ್ ಅವನ ಕಡೆ ತಿರುಗಿದ. ಕೆಮ್ಮು ನಿಂತಿತು.

ನಾನು ಈ ಮೇಜಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ, ಕೇಳಿ.

ಜನರನ್ನು ಬಚ್ಚಿಡುವುದು ನನ್ನ ಕೆಲಸ. ಬೋರ್ಡಿಲ್ಲ, ಆಫೀಸಿಲ್ಲ. ಓಡಿಬಂದವರಿಗೆ ಒಂದು ಕೋಣೆ, ಒಂದು ಬೀಗ, ಬೇರೆ ಹೆಸರು. ಅಷ್ಟೇ. ಹೋದ ವಾರ ಬಂದವನು ಈ ಬಿಲ್ಡರನ ಡ್ರೈವರ್. ಕಟ್ಟುತ್ತಿದ್ದ ಮಾಳಿಗೆಯೊಂದರಲ್ಲಿ ಸೈಟ್ ಎಂಜಿನಿಯರನ ತಲೆಗೆ ಬಿಲ್ಡರ್ ಕಬ್ಬಿಣದ ಸರಳಿನಿಂದ ಹೊಡೆದು ಲಿಫ್ಟ್ ಗುಂಡಿಗೆ ತಳ್ಳಿದ್ದನ್ನು ಅವನು ಕಣ್ಣಾರೆ ನೋಡಿದ್ದ. ಕೋರ್ಟಿನಲ್ಲಿ ಹೇಳಲು ತಯಾರಿದ್ದ.

ಅವನನ್ನು ಬಚ್ಚಿಟ್ಟೆ. ಬಿಲ್ಡರ್ ಅವನ ಹೆಂಡತಿಯನ್ನು ಎತ್ತಿಕೊಂಡು ಹೋದ.

"ಡ್ರೈವರನ್ನ ಕೊಡು, ಹೆಂಡ್ತೀನ ತಗೊ," ಎಂದು ಹೇಳಿ ಕಳಿಸಿದ. "ಕೂತು ಮಾತಾಡೋಣ. ಜಾಗ ನಿಂದು, ಕಾನೂನು ನಂದು."

ಅವನ ಕಾನೂನು ಬಹಳ ಸರಳ. ಯಾರ ಹತ್ತಿರವೂ ಫೋನ್ ಇರಬಾರದು. ನನ್ನದೂ, ಭಾವಮೈದನದೂ, ಹೊಸ ಡ್ರೈವರನದೂ, ಕೊನೆಗೆ ತನ್ನದೂ. ಎಲ್ಲವೂ ಒಂದು ಬಿಸ್ಕತ್ ಡಬ್ಬಿಯೊಳಗೆ, ಡಬ್ಬಿ ಹೊರಗೆ ಕಾರಿನಲ್ಲಿ. ಯಾವ ಫೋನ್ ಯಾವಾಗ ಯಾರ ಮಾತು ಹಿಡಿದಿಡುತ್ತದೋ ಎಂಬ ಭಯ ಅವನಿಗೆ. ನನ್ನ ಚೀಲ, ಪೆನ್ನು, ಬಳೆ ಎಲ್ಲವನ್ನೂ ಭಾವಮೈದ ತಡಕಿ ನೋಡಿದ. ಏನೂ ಸಿಗಲಿಲ್ಲ. ಏನೂ ಇರಲಿಲ್ಲ!

ಜಾಗ ನಾನು ಹೇಳಿದೆ. ಅಜ್ಜಿಯ ಕೊರಿಯನ್ ಹೋಟೆಲು.

ನಾಲ್ಕು ಮೇಜು, ಹಿಂದೆ ಒಂದು ಕೋಣೆ. ಶೂ ಬಿಚ್ಚಿ ಹೊರಗಿಟ್ಟು ಕೋಣೆಗೆ ಹೋಗಬೇಕು, ನೆಲದ ಮೇಲೆ ಕೂರಬೇಕು. ಅಜ್ಜಿಯೇ ಕಾವಲು, ಅಜ್ಜಿಯೇ ಮಾಲೀಕಳು. ಸೊಸೆ ಅಡುಗೆಮನೆಯಲ್ಲಿ. ಕೂತ ಕೂಡಲೆ ಕೇಳದೆಯೇ ಸಣ್ಣ ಸಣ್ಣ ತಟ್ಟೆಗಳು ಬರುತ್ತವೆ. ಹುಳಿಬಂದ ಎಲೆಕೋಸಿನ ಕಿಮ್ಚಿ, ಎಳ್ಳೆಣ್ಣೆ ಹಾಕಿದ ಮೊಳಕೆಕಾಳು, ಮೂಲಂಗಿ, ಒಣಗಿಸಿ ಹುರಿದ ಪುಟ್ಟ ಮೀನು. ಮೇಜಿನ ನಡುವೆ ಗುಂಡಿ, ಗುಂಡಿಯಲ್ಲಿ ಇದ್ದಿಲು. ಹಂದಿಯ ಹೊಟ್ಟೆ ಮಾಂಸ ಕಣ್ಣೆದುರೇ ಬೇಯುತ್ತದೆ.

ಆದರೆ ಆ ಹೋಟೆಲನ್ನು ಊಟಕ್ಕಾಗಿ ಆರಿಸಿರಲಿಲ್ಲ ನಾನು. ಆರಿಸಿದ್ದು ಹೊಗೆಗಾಗಿ.

ಪ್ರತಿ ಮೇಜಿನ ಮೇಲೂ ಛಾವಣಿಯಿಂದ ಒಂದು ಕೊಳವೆ ಇಳಿಬಿದ್ದಿದೆ. ತುದಿಯಲ್ಲಿ ಅಗಲವಾದ ತಗಡಿನ ಬಾಯಿ. ಹೊಗೆ ಎಳೆದುಕೊಳ್ಳಲು. ಕೋಣೆಯ ಕೊಳವೆ ಮತ್ತು ಹೊರಗೆ ಕಿಟಕಿ ಪಕ್ಕದ ಮೇಜಿನ ಕೊಳವೆ ಮೇಲೆ ಒಂದಕ್ಕೊಂದು ಕೂಡುತ್ತವೆ. ಫ್ಯಾನ್ ತಿರುಗುವಾಗ ಏರೋಪ್ಲೇನ್ ಸದ್ದು. ಫ್ಯಾನ್ ನಿಂತರೆ... ಕೋಣೆಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ಕಿಟಕಿ ಪಕ್ಕದ ಮೇಜಿಗೆ ಬಂದು ಬೀಳುತ್ತದೆ! ಒಮ್ಮೆ ಒಬ್ಬಳೇ ಕೂತು ಉಣ್ಣುವಾಗ ಒಂದು ಜೋಡಿಯ ಮದುವೆ ಮುರಿಯುವುದನ್ನು ಪೂರ್ತಿ ಕೇಳಿದ್ದೆ. ಗಂಡನದೇ ತಪ್ಪು.

ಫ್ಯಾನ್ ನಿಲ್ಲಬೇಕಾದರೆ ಬೆಂಕಿ ಹೋಗಬೇಕು. ಅಜ್ಜಿ ಬೆಂಕಿ ಯಾವಾಗ ತೆಗೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಬಿಲ್ಡರನಿಗೆ ಗೊತ್ತಿರಲಿಲ್ಲ. ಅಜ್ಜಿಗೂ ನನ್ನ ಲೆಕ್ಕಾಚಾರ ಗೊತ್ತಿರಲಿಲ್ಲ. ಅವಳಿಗೆ ಹೇಳುವುದೂ ಒಂದೇ, ಧ್ವನಿವರ್ಧಕಕ್ಕೆ ಹೇಳುವುದೂ ಒಂದೇ.

ನನಗೆ ಬೇಕಿದ್ದದ್ದು ಒಂದೇ ಒಂದು ಮಾತು. ಆ ಹೆಂಗಸನ್ನು ಎಲ್ಲಿಟ್ಟಿದ್ದಾರೆ?

ಆದರೆ ಬಿಲ್ಡರ್ ಮಾಂಸದ ಮೇಲೆ ಮಾಂಸ ತರಿಸುತ್ತಿದ್ದ. ಬೆಂಕಿ ಉರಿಯುತ್ತಲೇ ಇತ್ತು. ಫ್ಯಾನ್ ಕೂಗುತ್ತಲೇ ಇತ್ತು. ಒಂದು ಸೊಪ್ಪಿನ ಎಲೆಯಲ್ಲಿ ಎರಡು ತುಂಡು ಸುತ್ತಿ ಬಾಯಿಗೆ ತುರುಕಿಕೊಂಡು, ತನ್ನ ಲೋಟಕ್ಕೆ ತಾನೇ ಮದ್ಯ ಸುರಿದುಕೊಂಡ. ತಟ್ಟೆ ತೆಗೆಯಲು ಬಂದ ಅಜ್ಜಿ ಬಾಟಲಿ ಕಸಿದು ಭಾವಮೈದನ ಕೈಗೆ ಕೊಟ್ಟಳು.

"ನಿನ್ನ ಲೋಟಕ್ಕೆ ಇವನು ಹಾಕಬೇಕು. ಇವನ ಲೋಟಕ್ಕೆ ನೀನು. ಹಾಗೆ ಕುಡೀಬೇಕು ಇಲ್ಲಿ."

"ಇವನು ಹಾಕಿದ್ದು ನಾನು ಕುಡೀಬೇಕಾ?" ಎಂದ ಬಿಲ್ಡರ್.

"ಭಾವ!" ಎಂದ ಭಾವಮೈದ, ನೊಂದು.

"ಸುಮ್ನೆ ಹೇಳಿದ್ನೋ. ಹಾಕು." ಹಾಕಿದ್ದನ್ನು ಕುಡಿಯಲಿಲ್ಲ. ಮೂಸಿ ಪಕ್ಕಕ್ಕಿಟ್ಟ.

ತಟ್ಟೆಯ ಅಂಚಿನಲ್ಲಿ ಹಸಿರು ಮೆಣಸಿನಕಾಯಿ ಇದ್ದವು. ಸಣ್ಣವು. ನೋಡಲು ಸಾಧು. ಬಿಲ್ಡರ್ ಒಂದಕ್ಕೆ ಕೈ ಹಾಕಿದ.

"ಅದು ಬೇಡ ಸಾರ್," ಎಂದೆ.

"ಯಾಕೆ?"

"ಖಾರ. ನಿಮಗಾಗಲ್ಲ."

ಅಷ್ಟೇ ಸಾಕಾಯಿತು. ಒಂದನ್ನು ಹುದುಗಿಸಿದ ಸೋಯಾ ಚಟ್ನಿಯಲ್ಲಿ ಅದ್ದಿ ಕಟಮ್ಮನೆ ಕಡಿದ. ಅಗಿದ. ನುಂಗಿದ. "ಇದಾ ಖಾರ? ನಮ್ಮವ್ವ ಮಕ್ಕಳಿಗೆ ಇದಕ್ಕಿಂತ ಖಾರ ಹಾಕ್ತಿದ್ಲು!"

"ನಿಮ್ಮ ಭಾವಮೈದ ಆಗಲೇ ಮೂರು ತಿಂದ್ರು. ಒಂದು ಹನಿ ಬೆವರಿಲ್ಲ ನೋಡಿ."

ಭಾವಮೈದ ಒಂದೂ ತಿಂದಿರಲಿಲ್ಲ. ಆದರೆ ಹೊಗಳಿಕೆ ಯಾರಿಗೆ ಬೇಡ? ಸುಮ್ಮನೆ ಮೀಸೆ ಸವರಿಕೊಂಡ.

ಬಿಲ್ಡರ್ ನಾಲ್ಕು ತಿಂದ.

ಮೊದಲು ಕಿವಿ ಕೆಂಪಾಯಿತು. ಆಮೇಲೆ ಮೂಗು ಸೋರಿತು. ಆಮೇಲೆ ಕಣ್ಣು. ಮುಂದೆ ಒಲೆಯ ಕಾವು, ಒಳಗೆ ಮೆಣಸಿನ ಕಾವು. ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದ.

"ನೀರು!" ಎಂದು ಕೂಗಿದ.

ಅಜ್ಜಿ ಬಾರ್ಲಿ ಹುರಿದು ಕುದಿಸಿದ ನೀರು ತಂದಳು. ಹೊಗೆಯಾಡುತ್ತಿತ್ತು. ಗಟಕ್ಕನೆ ಕುಡಿದು ಅಲ್ಲಿಯೇ ಉಗಿದ.

"ಬಿಸಿ! ಬಿಸಿ ಕೊಡ್ತಾಳೆ ರಾಕ್ಷಸಿ! ತಣ್ಣಗಿರೋದು ಏನಿದೆ ಇಲ್ಲಿ?"

"ತಣ್ಣನೆ ನೂಡಲ್ಸ್ ಇದೆ. ಸಾರಿಗೆ ಐಸ್ ಹಾಕಿರ್ತೀವಿ."

"ತಗೊಂಬಾ!"

"ಮಾಂಸ ಮುಗೀಲಿ."

"ಈಗ್ಲೇ ತಗೊಂಬಾ ಅಂದೆ!"

"ಬೆಂಕಿ ಇರೋ ಮೇಜಿಗೆ ಅದು ಬರಲ್ಲ." ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಐಸ್ ಕರಗುತ್ತೆ. ನಾನು ಮಾಡಿದ್ದು ಹಾಳಾಗುತ್ತೆ."

"ಹಾಗಾದ್ರೆ ಬೆಂಕಿ ತೆಗೆದು ಬಿಸಾಕೆ!"

ಈ ಮಾತಿಗಾಗಿ ನಾನು ಇಡೀ ಊಟ ಕಾದಿದ್ದೆ!

ಅಜ್ಜಿ ಕೊಕ್ಕೆ ಹಾಕಿ ಕೆಂಡದ ಬೋಗುಣಿ ಎತ್ತಿಕೊಂಡು ಹೋದಳು. ಹೊರಗೆ ಬೇರೆ ಯಾವ ಮೇಜಿನಲ್ಲೂ ಬೆಂಕಿಯಿರಲಿಲ್ಲ. ಮಧ್ಯಾಹ್ನದ ಕೊನೆಯ ಗಿರಾಕಿಗಳು ನಾವೇ. ಗೋಡೆಯ ಸ್ವಿಚ್ ಟಕ್ ಎಂದಿತು. ಫ್ಯಾನ್ ಗೊರಗುಟ್ಟಿ ನಿಧಾನವಾಗಿ ನಿಂತಿತು.

"ಅಬ್ಬಾ!" ಎಂದ ಬಿಲ್ಡರ್. "ಈಗ ಮನುಷ್ಯರು ಮಾತಾಡಬಹುದು."

"ಮಾತಾಡೋಣ," ಎಂದೆ. "ಡ್ರೈವರ್ ಎಲ್ಲಿದಾನೆ ಅಂತ ಇವತ್ತೇ ಹೇಳ್ತೀನಿ. ಆದ್ರೆ ಅವನ ಹೆಂಡ್ತಿ ಬದುಕಿದಾಳೆ ಅಂತ ನನಗೆ ನಂಬಿಕೆ ಇಲ್ಲ."

"ನನ್ನ ಮಾತು ಸಾಲ್ದಾ?"

"ಸಾಲ್ದು. ಅವಳನ್ನ ಒಂದು ಪ್ರಶ್ನೆ ಕೇಳಿ ಬನ್ನಿ. ಮದುವೆ ಆದ ದಿನ ಗಂಡ ಅವಳಿಗೆ ಹೇಳಿದ ಮೊದಲ ಮಾತು ಏನು? ಸರಿಯಾದ ಉತ್ತರ ಬಂದ್ರೆ ನಾನು ಬಾಯಿ ಬಿಡ್ತೀನಿ."

ಉತ್ತರ ನನಗೂ ಗೊತ್ತಿರಲಿಲ್ಲ. ಅದು ಮುಖ್ಯವೂ ಆಗಿರಲಿಲ್ಲ. ಕೇಳಲು ಯಾರಾದರೂ ಅಲ್ಲಿಗೆ ಹೋಗಬೇಕಲ್ಲ? ಹೋಗುವ ಮೊದಲು ಎಲ್ಲಿಗೆ ಎಂದು ಆಡಬೇಕಲ್ಲ?

ಬಿಲ್ಡರ್ ನನ್ನನ್ನೇ ನೋಡಿದ. ನಾನು ಮೂಲಂಗಿ ತಿಂದೆ.

"ಹೊರಗೆ ಹೋಗಿ ಕೂತ್ಕೊ," ಎಂದ. "ಬಾಗಿಲು ಎಳ್ಕೊ. ಓಡಿಹೋದ್ರೆ ಅವಳ ಕತೆ ಅಲ್ಲಿಗೆ ಮುಗೀತು."

"ಓಡೋದಾಗಿದ್ರೆ ಬರ್ತಾನೇ ಇರ್ಲಿಲ್ಲ ಸಾರ್."

ಚಪ್ಪಲಿ ಮೆಟ್ಟಿದೆ. ಬಾಗಿಲೆಳೆದೆ. ಕಿಟಕಿ ಪಕ್ಕದ ಮೇಜಿಗೆ ಹೋಗಿ, ತಗಡಿನ ಬಾಯನ್ನು ಮೆಲ್ಲಗೆ ಜಗ್ಗಿ ಕೆಳಗಿಳಿಸಿದೆ. ಸುಸ್ತಾದವಳ ಹಾಗೆ ತಲೆ ವಾಲಿಸಿದೆ. ಕಿವಿ ಕೊಳವೆಯ ಒಳಗೆ.

ಹಳೇ ಕೊಬ್ಬಿನ ವಾಸನೆ. ಮತ್ತೆ... ಭಾವಮೈದ.

"...ಫೋನ್ ಮಾಡಿ ಕೇಳಿದ್ರೆ ಆಗಲ್ವಾ ಭಾವ?"

"ಫೋನ್ ಬೇಡ ಅಂತ ಎಷ್ಟು ಸಲ ಬಡ್ಕೋಬೇಕೋ ನಾನು? ನೀನೇ ಹೋಗು. ಕೇಳ್ಕೊಂಡು ಬಾ."

"ಇಷ್ಟು ಬಿಸಿಲಲ್ಲಿ ಲಾಂಡ್ರಿಗಾ?"

"ಇಲ್ಲ, ನಿನ್ನ ಮಾವನ ಮನೆಗೆ! ಲಾಂಡ್ರಿಗೇ ಹೋಗು!"

"ಗೇಟ್ ಹಾಕಿರ್ತಾರೆ. ರೈಲು ಹೋಗೋವರೆಗೂ ಕಾಯ್ಬೇಕು ಅಲ್ಲಿ."

ರೈಲ್ವೆ ಗೇಟಿನಾಚೆ ಇದ್ದದ್ದು ಒಂದೇ ಲಾಂಡ್ರಿ. ದೊಡ್ಡ ಹೋಟೆಲುಗಳ ಚಾದರ ಒಗೆಯುತ್ತಿದ್ದದ್ದು. ಮುಚ್ಚಿ ಬಹಳ ದಿನವಾಗಿತ್ತು. ಸಾಕು! ನಾನು ತಲೆ ಎತ್ತಬೇಕಿತ್ತು. ಎತ್ತಲಿಲ್ಲ.

"ಆಮೇಲೆ ಇವಳನ್ನ ಏನು ಮಾಡೋದು ಭಾವ? ಡ್ರೈವರ್ ಸಿಕ್ಕಿದ ಮೇಲೆ?"

"ಯಾವಳನ್ನ? ಹೆಂಡ್ತೀನಾ, ಹೊರಗೆ ಕೂತಿರೋಳನ್ನಾ?"

"ಇಬ್ಬರನ್ನೂ."

"ನಾಳೆ ಸ್ಲ್ಯಾಬ್ ಹಾಕ್ತಿದೀವಲ್ಲ. ಜಾಗ ಬೇಕಾದಷ್ಟಿದೆ."

ಅದೇ ಹೊತ್ತಿಗೆ ನನ್ನ ಮುಂದೆ ಒಂದು ಸ್ಟೀಲ್ ಬೋಗುಣಿ ದಡಕ್ಕನೆ ಬಂದು ಕೂತಿತು. ಐಸ್ ಗಲಗಲ ಎಂದಿತು.

"ನಿನ್ನ ನೂಡಲ್ಸ್!" ಎಂದಳು ಅಜ್ಜಿ. ಅವಳಿಗೆ ಕಿವಿ ಮಂದ. ಮಾತು ಜೋರು. "ಇದೇನಿದು? ತಲೆ ಯಾಕೆ ಪೈಪಿನೊಳಗಿಟ್ಟಿದೀಯ? ಏನು ಕೇಳಿಸ್ತಿದೆ ಅದರಲ್ಲಿ?"

ಕೊಳವೆ ಮೌನವಾಯಿತು.

ಆಮೇಲೆ ಕೊಳವೆಯೊಳಗಿಂದ ಬಿಲ್ಡರನ ದನಿ ಬಂತು. ಬಹಳ ಮೆಲ್ಲಗೆ, ಬಹಳ ಹತ್ತಿರದಿಂದ.

"ಲೋ... ಮೇಲೆ ನೋಡು."

ಎದ್ದೆ! ಕೋಣೆಯ ಹೊಸ್ತಿಲ ಮುಂದೆ ಲೇಸ್ ಕಟ್ಟುವ ಎರಡು ಜೊತೆ ಶೂ ಇದ್ದವು. ಓಡುವಾಗಲೇ ಕಾಲಿನಿಂದ ಚೆದುರಿಸಿದೆ. ಒಂದು ಮೇಜಿನ ಕೆಳಗೆ ಹೋಯಿತು, ಒಂದು ಫ್ರಿಜ್ಜಿನ ಹಿಂದೆ. ಉಳಿದವು ಎಲ್ಲಿಗೆ ಹೋದವೋ ನೋಡಲಿಲ್ಲ. ಜಾರುಬಾಗಿಲು ಹಳಿ ಬಿಟ್ಟು ಹಾರಿತು.

"ಹಿಡಿಯೋ ಅವಳನ್ನ!"

ಭಾವಮೈದ ಬರಿ ಕಾಲುಚೀಲದಲ್ಲೇ ಬಂದ. ನಾನು ಅಡುಗೆಮನೆಗೆ ನುಗ್ಗಿದೆ. ಸೊಸೆ ರಬ್ಬರ್ ಬೂಟು ಹಾಕಿಕೊಂಡು ಉಪ್ಪಿನಲ್ಲಿ ನೆನೆಹಾಕಿದ ಎಲೆಕೋಸು ತೊಳೆಯುತ್ತಿದ್ದಳು. ತೊಟ್ಟಿಯಷ್ಟು ದೊಡ್ಡ ಟಬ್ಬು. ನೆಲದ ತುಂಬ ಉಪ್ಪುನೀರು. ಈ ಅಡುಗೆಮನೆಯಲ್ಲಿ ಗೋಡೆಯ ಅಂಚಿನಲ್ಲಿ ನಡೆಯಬೇಕು. ನಾನು ನಡೆದೆ. ಭಾವಮೈದ ನಡುವೆ ಬಂದ.

ಕಾಲುಚೀಲ, ಉಪ್ಪುನೀರು, ನಯವಾದ ಟೈಲ್ಸು!

ಅವನು ಬಿದ್ದ ಸದ್ದಿಗೆ ಪಾತ್ರೆಗಳು ಅಲುಗಿದವು. ಏಳಲು ಟಬ್ಬಿನ ಅಂಚು ಹಿಡಿದ. ಟಬ್ಬೂ ಅವನ ಮೇಲೆ ಬಂತು.

"ಅಯ್ಯೋ ನನ್ನ ಕೋಸು!" ಎಂದು ಸೊಸೆ ಚೀರಿದಳು. ಅವಳ ಕೈಯಲ್ಲಿದ್ದ ಸೌಟು ಸುಮ್ಮನಿರಲಿಲ್ಲ. ಮುಂದಿನ ಕೋಣೆಯಿಂದ ಅಜ್ಜಿಯ ಗುಡುಗು. "ಬಾಗಿಲು ಮುರೀತೀಯಾ? ನನ್ನ ಬಾಗಿಲು ಮುರೀತೀಯಾ ನೀನು?"

ಹಿತ್ತಲ ಬಾಗಿಲು. ಸಾಲಾಗಿ ಮಣ್ಣಿನ ಜಾಡಿಗಳು. ಓಣಿ. ಎಡಕ್ಕೆ. ಮತ್ತೆ ಎಡಕ್ಕೆ. ಹೋಟೆಲಿನ ಮುಂಭಾಗ.

ಬಿಲ್ಡರನ ಕಾರು ನೆರಳಿನಲ್ಲಿತ್ತು. ಎಂಜಿನ್ ಆನ್. ಸಾಹೇಬರು ಕೂರುವ ಹೊತ್ತಿಗೆ ಸೀಟು ತಣ್ಣಗಿರಬೇಕು, ಅದೂ ಅವನ ಕಾನೂನು. ಒಳಗೆ ಹೊಸ ಡ್ರೈವರ್ ಎಸಿ ಗಾಳಿಗೆ ಬಾಯಿ ತೆರೆದು ಮಲಗಿದ್ದ. ಗಾಜಿಗೆ ದಬದಬ ಬಡಿದೆ.

"ಏಳೋ! ಒಳಗೆ ನಿಮ್ಮ ಸಾಹೇಬ್ರನ್ನ ಹೊಡೀತಿದಾರೆ!"

"ಯಾರು?"

"ಇಬ್ಬರು ಹೆಂಗಸರು!"

ಆ ಹೊತ್ತಿಗೆ ಒಳಗಿನಿಂದ ಬಿಲ್ಡರನ ಬೊಬ್ಬೆ ಕೇಳಿಸಿತು. ನಾನು ಸುಳ್ಳು ಹೇಳಿರಲಿಲ್ಲ. ಡ್ರೈವರ್ ಓಡಿದ. ನಾನು ಅವನ ಸೀಟಿನಲ್ಲಿ ಕೂತೆ. ಬಿಸ್ಕತ್ ಡಬ್ಬಿ ಪಕ್ಕದಲ್ಲೇ ಇತ್ತು.

ಕನ್ನಡಿಯಲ್ಲಿ ಭಾವಮೈದ ಕಾಣಿಸಿದ. ಭುಜದ ಮೇಲೆ ಎಲೆಕೋಸು. ಕಾಲುಚೀಲದಲ್ಲಿ ಒದ್ದೆ ಹೆಜ್ಜೆ ಹಾಕುತ್ತ ಓಡಿಬರುತ್ತಿದ್ದ. ಡಿಕ್ಕಿಗೆ ಕೈ ಹಾಕಿದ. ಗೇರ್ ಬದಲಿಸಿದೆ. ಕೈ ಬಿಟ್ಟ.

ಅವರು ಲಾಂಡ್ರಿಗೆ ಯಾಕೆ ಫೋನ್ ಮಾಡಲಿಲ್ಲ ಅಂತ ಕೇಳುತ್ತೀರಿ. ಅಜ್ಜಿಯ ಕೌಂಟರಿನಲ್ಲಿ ಫೋನ್ ಇತ್ತು. ಬಿಲ್ಡರ್ ಅದನ್ನು ಎತ್ತಿಯೂ ಎತ್ತಿದನಂತೆ. ಆಮೇಲೆ ಭಾವಮೈದನ ಮುಖ ನೋಡಿದನಂತೆ, ಭಾವಮೈದ ಅವನ ಮುಖ ನೋಡಿದನಂತೆ. ನಂಬರ್ ಇಬ್ಬರಿಗೂ ಗೊತ್ತಿಲ್ಲ! ಎಲ್ಲ ನಂಬರೂ ಫೋನಿನೊಳಗೆ, ಎಲ್ಲ ಫೋನೂ ಡಬ್ಬಿಯೊಳಗೆ. ಸೊಸೆ ಆಮೇಲೆ ಹೇಳಿ ನಕ್ಕಳು. ಆಗ ನನಗೆ ಅದು ಗೊತ್ತಿರಲಿಲ್ಲ. ಹುಚ್ಚು ಹಿಡಿದವಳಂತೆ ಕಾರು ಓಡಿಸಿದೆ.

ಗೇಟ್ ಬೀಳುತ್ತಿತ್ತು. ಅಡಿಯಲ್ಲೇ ನುಸುಳಿದೆ. ಕಾರಿನ ನೆತ್ತಿ ಕೆರೆಯಿತು. ನನ್ನ ಕಾರಲ್ಲ.

ಲಾಂಡ್ರಿಯ ಕಬ್ಬಿಣದ ಬಾಗಿಲ ಮುಂದೆ ನಿಂತು ಹಾರ್ನ್ ಹೊಡೆದೆ. ಕಪ್ಪು ಗಾಜು, ಸಾಹೇಬರ ಕಾರು. ಕಾವಲಿನವನು ಓಡಿಬಂದು ಬಾಗಿಲು ತೆರೆದ, ಸೆಲ್ಯೂಟನ್ನೂ ಹೊಡೆದ. ನಾನು ಗಾಜನ್ನು ಸ್ವಲ್ಪವೇ ಇಳಿಸಿದೆ.

"ಅವಳನ್ನ ಕರ್ಕೊಂಬಾ. ಹಿಂದೆ ಕೂರಿಸು. ಬೇಗ."

ಸೆಲ್ಯೂಟಿನ ಕೈ ಇಳಿಯಿತು. "ನೀವ್ಯಾರು?"

"ಹೊಸ ಡ್ರೈವರ್."

"ಹೊಸ ಡ್ರೈವರ್ ಗಂಡಸಲ್ವಾ? ನಿನ್ನೆ ಬಂದಿದ್ದ."

"ಅವನೂ ಓಡಿಹೋದ. ಇವರ ಹತ್ರ ಡ್ರೈವರ್ ನಿಲ್ಲಲ್ಲ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು ಎಂದು ಮುಖ ಹೇಳಿತು. ಆದರೂ ಜೇಬಿಗೆ ಕೈ ಹಾಕಿ ಫೋನ್ ತೆಗೆದ. "ಒಂದು ಮಾತು ಸಾಹೇಬ್ರನ್ನ ಕೇಳ್ಬಿಡ್ತೀನಿ."

ನನ್ನ ಪಕ್ಕದಲ್ಲಿ ಡಬ್ಬಿ ಗುರ್ರ್ ಎಂದಿತು.

ಅವನು ಡಬ್ಬಿ ನೋಡಿದ. ನನ್ನನ್ನು ನೋಡಿದ. ಮುಚ್ಚಳ ತೆಗೆದು ಬಿಲ್ಡರನ ಫೋನ್ ಎತ್ತಿ ಅವನ ಮುಖಕ್ಕೆ ಹಿಡಿದೆ. ಪರದೆಯ ಮೇಲೆ ಹೊಳೆಯುತ್ತಿದ್ದದ್ದು ಅವನದೇ ಹೆಸರು.

"ಸಾಹೇಬ್ರು ತಮ್ಮ ಫೋನನ್ನ ಸ್ವಂತ ಹೆಂಡ್ತಿ ಕೈಗೂ ಕೊಡಲ್ಲ. ನನ್ನ ಕೈಲಿ ಕೊಟ್ಟು ಕಳಿಸಿದಾರೆ. ಇನ್ನೂ ಏನು ಬೇಕು ನಿನಗೆ? ಪತ್ರವಾ?"

"ಇಲ್ಲ ಅಕ್ಕ... ತಪ್ಪಾಯ್ತು ಅಕ್ಕ."

ಓಡಿದ. ಅವಳನ್ನು ನಡೆಸಿಕೊಂಡು ಬಂದ. ತುಟಿ ಒಡೆದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಹಿಂದಿನ ಸೀಟಿನಲ್ಲಿ ಕೂತಳು. ಕಾವಲಿನವನು ಬಾಗಿಲು ಮರ್ಯಾದೆಯಿಂದ ಮುಚ್ಚಿದ.

ದೊಡ್ಡ ರಸ್ತೆಗೆ ಬಂದೆವು.

"ಎಲ್ಲಿ ಹೂಳ್ತೀರ?" ಎಂದು ಕೇಳಿದಳು. ನಡುಗದ ದನಿ.

"ಹೂಳಲ್ಲ. ನಾನು ನಿಮ್ಮ ಗಂಡನ ಕಡೆಯವಳು."

ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವಳು ನಕ್ಕಳು. ಒಡೆದ ತುಟಿಯಿಂದ ರಕ್ತ ಬಂತು.

"ಅವನು ಚೆನ್ನಾಗಿದಾನಾ?"

"ಹೂಂ."

"ಊಟಗೀಟ?"

"ಸರಿಯಾಗೇ ಮಾಡ್ತಿದಾನೆ."

"ಮಾಡ್ತಾನೆ." ಸೆರಗಿನಿಂದ ತುಟಿ ಒರೆಸಿಕೊಂಡಳು. "ಓಡಿಹೋಗೋ ಮುಂಚೆ ಈ ಬಿಲ್ಡರನಿಗೆ ಫೋನ್ ಮಾಡಿದ್ನಂತೆ. 'ಎಲ್ಲಾ ನನ್ನ ಹೆಂಡ್ತಿಗೆ ಹೇಳಿದೀನಿ. ನನ್ನ ಮುಟ್ಟಿದ್ರೆ ಅವಳು ಬಾಯಿ ಬಿಡ್ತಾಳೆ' ಅಂದ್ನಂತೆ."

"ಹೇಳಿದ್ನಾ ನಿಮಗೆ?"

"ಏನೂ ಹೇಳಿರ್ಲಿಲ್ಲ! ತರಕಾರಿ ತರ್ತೀನಿ ಅಂತ ಹೋದ. ಅವರು ದಿನಾ ಕೇಳಿದ್ರು, ಏನು ಗೊತ್ತು ಹೇಳು, ಏನು ಗೊತ್ತು ಹೇಳು ಅಂತ. ಗೊತ್ತಿದ್ರೆ ತಾನೇ ಹೇಳೋಕೆ?"

ರಸ್ತೆ ನೋಡಿದೆ.

"ನೀವು ಜನಾನ ಬಚ್ಚಿಡ್ತೀರಾ?" ಎಂದಳು.

"ಹೌದು."

"ಯಾರಿಂದ ಬೇಕಾದ್ರೂ?"

"ಯಾರಿಂದ ಬೇಕಾದ್ರೂ."

ಡ್ರೈವರ್ ಆ ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ಅದಕ್ಕೆ ಮೊದಲು ಹೆಂಡತಿಯ ದನಿ ಕೇಳಬೇಕೆಂದು ಹಟ ಹಿಡಿದ. ಫೋನಿನಲ್ಲಿ ಕೇಳಿಸಿದೆ. "ಬದುಕಿದೀನಿ," ಎಂದಳು. ಇಟ್ಟುಬಿಟ್ಟಳು. ಅವನಿಗೆ ಅಷ್ಟು ಸಾಕಾಯಿತು. ಲಿಫ್ಟ್ ಗುಂಡಿ, ಸರಳು, ಎಂಜಿನಿಯರ್, ಎಲ್ಲ ಹೇಳಿದ. ಬಿಲ್ಡರನನ್ನು ಅವನ ಮನೆಯಲ್ಲೇ ಹಿಡಿದರು. ಮಣಿಕಟ್ಟಿಗೆ ಬ್ಯಾಂಡೇಜ್ ಇತ್ತಂತೆ. ಭಾವಮೈದ ತನ್ನನ್ನು ಹಿಡಿಯುವ ಮೊದಲೇ ಸಾಕ್ಷಿ ಹೇಳಲು ತಯಾರಾಗಿದ್ದನಂತೆ.

ನಾಲ್ಕು ದಿನ ಬಿಟ್ಟು ಡ್ರೈವರ್ ನನ್ನನ್ನು ಹುಡುಕಿಕೊಂಡು ಬಂದ. ಹೊಸ ಅಂಗಿ. ಕ್ಷೌರ. ಕೈಯಲ್ಲಿ ಸ್ವೀಟ್ ಡಬ್ಬಿ.

"ಮೇಡಂ, ಎಲ್ಲಾ ಮುಗೀತಲ್ಲ! ನನ್ನ ಹೆಂಡ್ತಿ ಎಲ್ಲಿ?"

"ಭದ್ರವಾಗಿದಾಳೆ."

"ಗೊತ್ತು ಮೇಡಂ. ಎಲ್ಲಿ ಅಂತ ಕೇಳ್ದೆ. ಮನೆಗೆ ಕರ್ಕೊಂಡು ಹೋಗೋಣ ಅಂತ."

"ಬಚ್ಚಿಟ್ಟಿದೀನಿ."

ನಕ್ಕ. ನಾನು ನಗಲಿಲ್ಲ. ಅವನ ನಗು ನಿಧಾನವಾಗಿ ಇಳಿಯಿತು.

"ಇನ್ನೂ ಯಾಕೆ ಮೇಡಂ ಬಚ್ಚಿಡ್ತೀರ? ಯಾರ ಭಯ? ಬಿಲ್ಡರ್ ಜೈಲಲ್ಲಿದಾನಲ್ಲ!"

"ಅವನು ಜೈಲಲ್ಲಿದಾನೆ," ಎಂದೆ. "ನೀನು ಹೊರಗಿದೀಯಲ್ಲ."